ಮನೆತನದ ಸಂಗೀತಕ್ಕೆ ಮನೆಯವರದೇ ಧ್ವನಿಮುದ್ರಣ ಸಂಸ್ಥೆ: ಎಲ್ಲಿಂದ ಶುರು ಮಾಡಬೇಕು?

ಕೇಳಿದವರು: ಬ್ರಹ್ಮಪುರದ ಗಾಯಕಿ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮದು ಮೂರು ತಲೆಮಾರಿನಿಂದ ಹಿಂದೂಸ್ತಾನಿ ಸಂಗೀತ ನಡೆಸಿಕೊಂಡು ಬಂದ ಮನೆ. ಮುತ್ಯಾ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದು ಕಲಬುರಗಿಯಲ್ಲಿ ನೆಲೆಸಿದರು. ಅಪ್ಪ ಹಾಡುತ್ತಾರೆ, ಹಾರ್ಮೋನಿಯಂ ನುಡಿಸುತ್ತಾರೆ. ಕಾಕಾ ತಬಲಾ ನುಡಿಸುತ್ತಾರೆ. ನಾನು ಖ್ಯಾಲ್ ಮತ್ತು ವಚನ ಹಾಡುತ್ತೇನೆ, ಸಂಜೆ ಮಕ್ಕಳಿಗೆ ಪಾಠ ಹೇಳುತ್ತೇನೆ. ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ಕಾಕಾನ ಎದುರು ಕುಳಿತು ತಬಲಾದ ‘ಕಾಯದಾ’ ಪಾಠಗಳನ್ನು ಬಾರಿಸುತ್ತಾನೆ.

ಮುತ್ಯಾ ತೀರಿಕೊಂಡ ಮೇಲೆ ಅವರ ಟ್ರಂಕು ಅಟ್ಟದ ಮೇಲೆಯೇ ಉಳಿದಿತ್ತು. ಈಚೆಗೆ ಇಳಿಸಿ ನೋಡಿದರೆ ಸ್ಪೂಲ್ ಟೇಪುಗಳು, ಕ್ಯಾಸೆಟ್‌ಗಳು ತುಂಬಿವೆ. ಕೆಲವು ನಮ್ಮ ಮನೆಯ ಗುರುಪೂರ್ಣಿಮೆಯ ಬೈಠಕ್‌ಗಳು, ಅಂದರೆ ಮನೆಯ ಕಛೇರಿಗಳು. ಕೆಲವು ರೇಡಿಯೋದಲ್ಲಿ ಪ್ರಸಾರವಾದಾಗ ಮನೆಯಲ್ಲಿಯೇ ತುಂಬಿಸಿಕೊಂಡವು. ಹಲವಕ್ಕೆ ಹೆಸರಿಲ್ಲ, ‘ಮಾಲಕಂಸ, ಛಲೋ ಆಗಿದೆ’ ಎಂದು ರಾಗದ ಹೆಸರಷ್ಟನ್ನು ಮುತ್ಯಾನ ಕೈಬರಹದಲ್ಲಿ ಬರೆದ ಒಂದು ಚೀಟಿ ಅಂಟಿಸಿದೆ, ಅಷ್ಟೇ.

ಇನ್ನೊಂದು ವಿಷಯ ಹೇಳಬೇಕು. ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಕಂಪನಿಯವರು ಅಪ್ಪನಿಂದ ವಚನಗಳನ್ನು ಹಾಡಿಸಿಕೊಂಡು ಹೋದರು. ಒಂದೇ ಸಲ ಒಂದಿಷ್ಟು ಹಣ ಕೊಟ್ಟರು, ಕಾಗದಪತ್ರ ಏನೂ ಆಗಲಿಲ್ಲ. ಹೊದಿಕೆಯ ಮೇಲೆ ಕಾಕಾನ ಹೆಸರೂ ಇರಲಿಲ್ಲ. ಈಗ ಅವೇ ಹಾಡುಗಳು ಇಂಟರ್‌ನೆಟ್ಟಿನಲ್ಲಿ ಯಾರದೋ ಚಾನೆಲ್ಲಿನಲ್ಲಿವೆ. ಆಲಾಪ ಕತ್ತರಿಸಿ, ನಡುವೆ ಜಾಹೀರಾತು ತುರುಕಿದ್ದಾರೆ. ಅಪ್ಪ ಅದನ್ನು ಒಮ್ಮೆ ಕೇಳಿ ಮೊಬೈಲನ್ನು ನನ್ನ ಕೈಗೆ ಕೊಟ್ಟು ಎದ್ದು ಹೋದರು. ಅಂದಿನಿಂದ ನಮ್ಮ ಸಂಗೀತವನ್ನು ನಾವೇ ಮುದ್ರಿಸಿ ನಾವೇ ಪ್ರಕಟಿಸಬೇಕು ಎಂದು ನನಗೂ ತಮ್ಮನಿಗೂ ಹಟ ಹಿಡಿದಿದೆ. ಸಣ್ಣದಾದರೂ ಸರಿ, ಒಂದು ಸಂಸ್ಥೆ.

ಹೀಗೆ ಸಂಗೀತಗಾರರ ಕುಟುಂಬವೇ ನಡೆಸುವ ಸಂಸ್ಥೆಗಳು ಎಲ್ಲಾದರೂ ಉಳಿದಿವೆಯೇ? ಮುತ್ಯಾನ ಟೇಪುಗಳನ್ನೇ ಮೊದಲು ತರಬೇಕೆಂದು ಮನೆಯಲ್ಲಿ ಎಲ್ಲರ ಆಸೆ. ಅವುಗಳ ಹಕ್ಕು ಯಾರದು? ನಮ್ಮ ಊರಿನಲ್ಲಿಯೇ ಮುದ್ರಿಸಬಹುದೇ, ಪುಣೆಗೋ ಬೆಂಗಳೂರಿಗೋ ಹೋಗಲೇಬೇಕೇ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ: ನಿವೃತ್ತ ಧ್ವನಿಮುದ್ರಕ, ಕಲಬುರಗಿ

ತಂಗಿ, ಶರಣು. ನಾನು ಬದುಕಿನ ಹೆಚ್ಚಿನ ಭಾಗವನ್ನು ಮೈಕು ಮತ್ತು ಟೇಪಿನ ನಡುವೆ ಕಳೆದವನು. ನಿಮ್ಮ ಪ್ರಶ್ನೆ ಓದಿದಾಗಿನಿಂದ ಆ ಟ್ರಂಕೇ ಕಣ್ಣ ಮುಂದಿದೆ, ಆದ್ದರಿಂದ ಮೊದಲು ಅದರ ಮಾತು.

ಆ ಟ್ರಂಕನ್ನು ಮತ್ತೆ ಅಟ್ಟಕ್ಕೆ ಏರಿಸಬೇಡಿ. ನಮ್ಮ ಕಲಬುರಗಿಯ ಮೇ ತಿಂಗಳಲ್ಲಿ ಪತ್ರಾಸಿನ ಕೆಳಗೆ ಟೇಪು ಉಳಿಯುವುದು ಕಷ್ಟ. ಮನೆಯ ಒಳಕೋಣೆಯಲ್ಲಿ, ನೆಲದಿಂದ ಮೇಲೆ, ಟಿವಿ ಮತ್ತು ಸ್ಪೀಕರುಗಳಿಂದ ದೂರ ಇಡಿ. ಸ್ಪೀಕರಿನೊಳಗಿನ ಅಯಸ್ಕಾಂತ ಟೇಪಿಗೆ ಶತ್ರು. ಪ್ರತಿ ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಅವು ಹಾಗೆಯೇ ಇದ್ದರೆ ಇಂದೇ ಮುರಿಯಿರಿ. ಆಮೇಲೆ ಯಾರು ತಪ್ಪಿ ಕೆಂಪು ಗುಂಡಿ ಒತ್ತಿದರೂ ಮುತ್ಯಾನವರ ದನಿ ಅಳಿಸುವುದಿಲ್ಲ. ಮನೆಯಲ್ಲಿ ಹಳೆಯ ಟೇಪ್ ರೆಕಾರ್ಡರ್ ಇದ್ದರೆ ಉತ್ಸಾಹದಿಂದ ಅದರಲ್ಲಿ ಹಾಕಿ ಕೇಳಲು ಹೋಗಬೇಡಿ. ಬೂಷ್ಟು ಹಿಡಿದ ಟೇಪು ಒಂದೇ ಓಟದಲ್ಲಿ ಹರಿಯಬಹುದು. ನಿಮಗೆ ಎರಡನೆಯ ಓಟ ಸಿಗುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಸ್ವಚ್ಛ ಮಾಡಿದ ಒಳ್ಳೆಯ ಡೆಕ್ಕಿನಲ್ಲಿ, ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು.

ಇಳಿಸುವಾಗ 96 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ. ಎಂಪಿತ್ರೀ ಬೇಡವೇ ಬೇಡ. ಬೇಕಾದಾಗ ವೇವ್ ಕಡತದಿಂದ ಅದನ್ನು ಮಾಡಿಕೊಳ್ಳಬಹುದು, ಅದರಿಂದ ಇದನ್ನು ಮಾಡಲಾಗದು. ಒಂದು ಗಂಟೆಯ ಸ್ಟೀರಿಯೋ ಸುಮಾರು 2 ಗಿಗಾಬೈಟ್ ಆಗುತ್ತದೆ. ಇಂದಿನ ಹಾರ್ಡ್ ಡಿಸ್ಕಿಗೆ ಅದು ಭಾರವಲ್ಲ. ಮೂರು ಪ್ರತಿ ಮಾಡಿ, ಒಂದು ನಿಮ್ಮ ತಮ್ಮನ ಬಳಿ ಬೆಂಗಳೂರಿನಲ್ಲಿರಲಿ. ಕ್ಯಾಸೆಟ್ ಮಂಕಾಗಿ ಕೇಳಿಸಿದರೆ ತಕ್ಷಣ ಈಕ್ವಲೈಸರ್ ತಿರುಗಿಸಬಾರದು. ಓದುವ ಹೆಡ್ಡಿನ ಓರೆಯನ್ನು ಸಣ್ಣ ತಿರುಗುಳಿಯಿಂದ ಆ ಕ್ಯಾಸೆಟ್ಟಿಗೆ ಹೊಂದಿಸಿದರೆ ಮುಚ್ಚಿಹೋದ ತಂಬೂರಿಯ ಜವಾರಿ, ಅಂದರೆ ಅದರ ಝೇಂಕಾರ, ತಾನಾಗಿ ತೆರೆದುಕೊಳ್ಳುತ್ತದೆ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿ ಮಾಡಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟವರ ಡಿಜಿಟಲ್ ಪ್ರತಿಯನ್ನು ಮುಂದೆ ಯಾವ ಯಂತ್ರವೂ ಸರಿಪಡಿಸಲಾರದು.

ಸ್ಪೂಲಿನಲ್ಲಿ ಇನ್ನೊಂದು ತೊಡಕಿದೆ. ಸೆಕೆಂಡಿಗೆ 19 ಸೆಂಟಿಮೀಟರ್ ಓಟದಲ್ಲಿ ತುಂಬಿದ್ದೋ ಒಂಬತ್ತೂವರೆಯದೋ ಎಂಬುದು ಕೇಳಿದ ಕೂಡಲೇ ತಿಳಿಯುತ್ತದೆ. ಆದರೆ ಅಂದಿನ ಯಂತ್ರ ಸ್ವಲ್ಪ ನಿಧಾನವಾಗಿಯೋ ಬೇಗವಾಗಿಯೋ ಓಡಿದ್ದರೆ ಅದು ಅಷ್ಟು ಸುಲಭವಾಗಿ ತಿಳಿಯುವುದಿಲ್ಲ. ಶ್ರುತಿ ಅರ್ಧ ಸ್ವರ ಏರಿದರೂ ಹಾಡು ಚೆನ್ನಾಗಿಯೇ ಕೇಳುತ್ತದೆ. ಇಲ್ಲಿ ನಿಮ್ಮ ಮನೆಗೆ ಇರುವ ಅನುಕೂಲ ಯಾವ ದೊಡ್ಡ ಸ್ಟುಡಿಯೋಗೂ ಇಲ್ಲ. ಮುತ್ಯಾನವರು ಯಾವ ಪಟ್ಟಿಯಲ್ಲಿ, ಅಂದರೆ ಯಾವ ಶ್ರುತಿಯಲ್ಲಿ, ಹಾಡುತ್ತಿದ್ದರು ಎಂಬುದು ನಿಮ್ಮ ಅಪ್ಪನವರಿಗೆ ಗೊತ್ತಿದೆ. ಬೈಠಕ್ಕಿನಲ್ಲಿ ನುಡಿಸಿದ ಹಾರ್ಮೋನಿಯಂ ಬಹುಶಃ ಇನ್ನೂ ಮನೆಯಲ್ಲಿದೆ. ಟೇಪನ್ನು ಓಡಿಸಿ, ಅದೇ ಪೆಟ್ಟಿಗೆಯ ಷಡ್ಜವನ್ನು ಅದರೊಂದಿಗೆ ಹಿಡಿಯಿರಿ. ಕೂಡದಿದ್ದರೆ ಓಟವನ್ನು ತಿದ್ದಿ. ಮನೆತನದವರು ಈ ಕೆಲಸಕ್ಕೆ ಕೈಹಾಕಬೇಕು ಎನ್ನಲು ನನಗೆ ಇದೊಂದೇ ಕಾರಣ ಸಾಕು.

ಈಗ ನಿಮ್ಮ ಮನೆಯವರಿಗೆ ಹಿಡಿಸದ ಮಾತು. ಟೇಪುಗಳನ್ನು ಇಂದೇ ಉಳಿಸಿ; ಆದರೆ ಸಂಸ್ಥೆಯ ಮೊದಲ ಪ್ರಕಟಣೆ ಟ್ರಂಕಿನಿಂದ ಬರಬಾರದು. ಈಗ ಉಸಿರಾಡುತ್ತಿರುವ ಕಂಠಗಳಿಂದ ಬರಬೇಕು. ನಿಮ್ಮದು, ಅಪ್ಪನವರದು, ಕಾಕಾನವರ ಕೈಯದು.

ಕುಟುಂಬದ ಸಂಸ್ಥೆ ಎಲ್ಲಿದೆ ಎಂದು ಕೇಳಿದ್ದೀರಿ. ಸ್ಪೇನಿನ ಬಾರ್ಸಿಲೋನಾ ಪಕ್ಕದ ಬೆಲ್ಲಟೆರಾದಲ್ಲಿ ಜೋರ್ಡಿ ಸವಾಲ್ ಎಂಬ ಸಂಗೀತಗಾರರಿದ್ದಾರೆ. ವಿಯೋಲಾ ದ ಗಾಂಬಾ ನುಡಿಸುತ್ತಾರೆ. ಅದನ್ನು ಕಾಲುಗಳ ನಡುವೆ ಹಿಡಿದು, ನಮ್ಮ ಸಾರಂಗಿಯಂತೆ ಕಮಾನು ಎಳೆದು ನುಡಿಸಬೇಕು. ಅವರ ಹೆಂಡತಿ ಮೊಂಟ್ಸೆರಾತ್ ಫಿಗೇರಾಸ್ ದೊಡ್ಡ ಗಾಯಕಿ. ಮಗಳು ಅರಿಯಾನ್ನಾ ಹಾಡುತ್ತಾ ಹಾರ್ಪ್ ನುಡಿಸುತ್ತಾರೆ. ಮಗ ಫೆರಾನ್ ಕೂಡ ಹಾಡುಗಾರ, ತಂತಿವಾದ್ಯದವರು. 1974ರಲ್ಲಿ ಗಂಡ ಹೆಂಡತಿ ಇಬ್ಬರು ಗೆಳೆಯರೊಂದಿಗೆ ಸೇರಿ ಹಳೆಯ ಸಂಗೀತಕ್ಕಾಗಿ ಒಂದು ಮೇಳ ಕಟ್ಟಿದರು. ಬಹಳ ವರ್ಷ ಬೇರೆ ಕಂಪನಿಗಳಿಗೆ ಮುದ್ರಿಸಿಕೊಟ್ಟರು. 1998ರಲ್ಲಿ ಆಲಿಯಾ ವೋಕ್ಸ್ ಎಂಬ ತಮ್ಮದೇ ಸಂಸ್ಥೆ ತೆರೆದರು. ಅವರ ಹಿಂದೆ ಆಗಲೇ ದೊಡ್ಡ ಹಳೆಯ ಭಂಡಾರವಿತ್ತು. ಆದರೂ ಶುರು ಮಾಡಿದ್ದು ಹೊಸ ಮುದ್ರಣಗಳಿಂದ. ಫ್ರಾನ್ಸಿನ ಅಸ್ಟ್ರೇ ಕಂಪನಿಗೆ ಹಿಂದೆ ಮಾಡಿಕೊಟ್ಟಿದ್ದ ಮುದ್ರಣಗಳು ಆಮೇಲೆ, ಧ್ವನಿಯನ್ನು ಹೊಸದಾಗಿ ಸಂಸ್ಕರಿಸಿಕೊಂಡು, ‘ಹೆರಿಟೇಜ್’ ಎಂಬ ಪ್ರತ್ಯೇಕ ಸರಣಿಯಲ್ಲಿ ಬಂದವು. ಫಿಗೇರಾಸ್ 2011ರಲ್ಲಿ ತೀರಿಕೊಂಡರು. ಸಂಸ್ಥೆ ನಿಲ್ಲಲಿಲ್ಲ. ನಿಂತದ್ದು ಕೇವಲ ನೆನಪಿನ ಮೇಲಾಗಿದ್ದರೆ ಅಂದೇ ಬಾಗಿಲು ಹಾಕುತ್ತಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ನಮ್ಮ ದೇಶದಲ್ಲಿಯೂ ಇದೆ. 2003ರಲ್ಲಿ ಗಾಯಕಿ ಶುಭಾ ಮುದ್ಗಲ್ ಮತ್ತು ತಬಲಾವಾದಕ ಅನೀಶ್ ಪ್ರಧಾನ್ ದಂಪತಿ ಅಂಡರ್‌ಸ್ಕೋರ್ ರೆಕಾರ್ಡ್ಸ್ ಶುರು ಮಾಡಿದರು. ಉಸ್ತಾದ್ ಅಲಿ ಅಕ್ಬರ್ ಖಾನರು ಕ್ಯಾಲಿಫೋರ್ನಿಯಾದಲ್ಲಿ ಕಾಲೇಜಿನ ಜೊತೆಗೆ ತಮ್ಮದೇ ಮುದ್ರಣ ಸಂಸ್ಥೆಯನ್ನೂ ನಡೆಸಿದರು. 1955ರಲ್ಲಿಯೇ ಅಮೆರಿಕದಲ್ಲಿ ಸರೋದಿನ ಎಲ್‌ಪಿ ತಟ್ಟೆ ತಂದವರು, ದೊಡ್ಡ ಕಂಪನಿಗಳೆಲ್ಲ ಗೊತ್ತಿದ್ದವರು, ಆದರೂ ಕೊನೆಗೆ ಮನೆಯ ಸಂಸ್ಥೆ ಬೇಕೆನಿಸಿತು. ಯೋಚಿಸಿ.

ಊರಿನಲ್ಲಿಯೇ ಮುದ್ರಿಸಬಹುದೇ ಎಂದರೆ, ಖಂಡಿತ. ಸವಾಲ್ ಅವರ ಎಷ್ಟೋ ಮುದ್ರಣಗಳು ಸ್ಟುಡಿಯೋದಲ್ಲಿ ಆಗಿಲ್ಲ, ಕಾರ್ಡೋನಾ ಎಂಬ ಊರಿನ ಕೋಟೆಯೊಳಗಿನ ಹಳೆಯ ಕಲ್ಲಿನ ಚರ್ಚಿನಲ್ಲಿ ಆಗಿವೆ. ಅವರ ಸಂಗೀತಕ್ಕೆ ಕಲ್ಲಿನ ಗುಂಗು ಬೇಕು. ನಮ್ಮ ಖ್ಯಾಲಿಗೆ ಅಷ್ಟು ಬೇಡ; ವೇಗವಾಗಿ ಹಾಡುವ ತಾನಿನ ಸ್ವರಗಳು ಕಾಳುಗಳಂತೆ ಒಂದರೊಳಗೊಂದು ಕಲಸಿಹೋಗುತ್ತವೆ. ಬ್ರಹ್ಮಪುರದ ಹಳೆಯ ಮನೆ ಎಂದರೆ ನೆಲಕ್ಕೆ ಶಹಾಬಾದಿ ಪರಸಿ, ದಪ್ಪ ಗೋಡೆ, ಎತ್ತರದ ಜಂತಿ ಇರಬೇಕು. ಜಂತಿ ಒಳ್ಳೆಯದು, ದಪ್ಪ ಗೋಡೆ ಇನ್ನೂ ಒಳ್ಳೆಯದು. ಪರಸಿ ಮಾತ್ರ ತಬಲಾದ ಚಾಟಿಯನ್ನು, ಅಂದರೆ ಅಂಚಿನ ಪೆಟ್ಟಿನ ಸದ್ದನ್ನು, ನೇರ ಮೈಕಿಗೆ ಎಸೆಯುತ್ತದೆ. ನೆಲಕ್ಕೆ ಎರಡು ಪದರ ಜಮಖಾನೆ ಹಾಸಿ. ಗಾಯಕರ ಎದುರಿನ ಗೋಡೆಗೆ ಕೌದಿಗಳನ್ನು ಗೋಡೆಗೆ ಅಂಟದಂತೆ ಗೇಣು ಜಾಗ ಬಿಟ್ಟು ತೂಗುಬಿಡಿ. ಆಯಿ ಹೊಲಿದ ಕೌದಿ ಇದ್ದರೆ ಅದರಂಥದ್ದು ಬೇರೆ ಇಲ್ಲ, ಪದರದ ಮೇಲೆ ಪದರ ಹಳೆಯ ಹತ್ತಿ. ನಾನು ಎಷ್ಟೋ ಮನೆಗಳಲ್ಲಿ ಹೀಗೆಯೇ ಮುದ್ರಿಸಿದ್ದೇನೆ. ಕೌದಿಯ ಕೋಣೆಯಲ್ಲಿ ಮಧ್ಯಮದ ಮೇಲೆ ನಿಂತ ದನಿಗೆ ಒಂದು ಬಗೆಯ ಬೆಚ್ಚಗಿನ ಮೈ ಬರುತ್ತದೆ.

ಕೂಲರು, ಫ್ಯಾನು ಎರಡನ್ನೂ ನಿಲ್ಲಿಸಲೇಬೇಕು. ಅದಕ್ಕೇ ನಮ್ಮಲ್ಲಿ ಡಿಸೆಂಬರ್, ಜನವರಿ ಬಿಟ್ಟು ಬೇರೆ ತಿಂಗಳು ಬೇಡ. ರಾತ್ರಿ ಹತ್ತರ ಮೇಲೆ ಕುಳಿತುಕೊಳ್ಳಿ. ಎರಡು ಒಳ್ಳೆಯ ಕಂಡೆನ್ಸರ್ ಮೈಕುಗಳನ್ನು ಜೋಡಿಯಾಗಿ ಮುಂದೆ ನಿಲ್ಲಿಸಿ, ಕಂಠಕ್ಕೆ ಹತ್ತಿರ ಇನ್ನೊಂದು. ಹಾರ್ಮೋನಿಯಂ ಅನ್ನು ಗಾಯಕರಿಂದ ಒಂದು ಮೊಳ ಹಿಂದಕ್ಕೆ ಸರಿಸಿ, ಇಲ್ಲವಾದರೆ ಅದು ದನಿಯನ್ನು ನುಂಗುತ್ತದೆ. ತಂಬೂರಿ ನಿಜವಾದದ್ದೇ ಇರಲಿ. ಮೊಬೈಲಿನ ತಂಬೂರಿಯನ್ನು ನನ್ನ ಮುಂದೆ ಯಾರಾದರೂ ಮುದ್ರಣಕ್ಕೆ ತಂದರೆ ನಾನು ಕೆಲಸ ಶುರು ಮಾಡುವುದಿಲ್ಲ.

ಕೊನೆಗೆ ಅವಧಿ. ಹಳೆಯ 78 ಸುತ್ತಿನ ಗ್ರಾಮಫೋನ್ ತಟ್ಟೆಯಲ್ಲಿ ಒಂದು ಬದಿಗೆ ಮೂರು ಮೂರೂವರೆ ನಿಮಿಷ ಮಾತ್ರ ಸಿಗುತ್ತಿತ್ತು. ಅಬ್ದುಲ್ ಕರೀಂ ಖಾನರಂಥವರೂ ಒಂದು ರಾಗವನ್ನು ಅಷ್ಟರಲ್ಲಿಯೇ ಹೇಳಿ ಮುಗಿಸಬೇಕಾಯಿತು. ಎಲ್‌ಪಿ ಬಂದ ಮೇಲೆ ಇಪ್ಪತ್ತು ನಿಮಿಷದ ಆಸುಪಾಸು, ಸಿಡಿಯಲ್ಲಿ 74 ನಿಮಿಷ. ಈಗ ಯಾವ ಮಿತಿಯೂ ಇಲ್ಲ. ನಿಧಾನಗತಿಯ ವಿಳಂಬಿತಕ್ಕೆ ಐವತ್ತು ನಿಮಿಷ ಬೇಕೆಂದರೆ ಐವತ್ತು ನಿಮಿಷವೇ ಇರಲಿ. ಅಪ್ಪನವರ ಆಲಾಪ ಕತ್ತರಿಸಿದ್ದಕ್ಕೆ ಅದೇ ತಕ್ಕ ಉತ್ತರ.

ಉತ್ತರ: ಸೇಡಂ ಕಡೆಯ ಕೇಳುಗ

ಅಕ್ಕಾವರೇ, ಇಷ್ಟೆಲ್ಲ ಏಕೆ? ಸಂಗೀತ ಎಲ್ಲರದು. ಎಲ್ಲವನ್ನೂ ಯೂಟ್ಯೂಬಿಗೆ ಉಚಿತವಾಗಿ ಹಾಕಿಬಿಡಿ, ಸಾವಿರಾರು ಜನ ಕೇಳುತ್ತಾರೆ. ಸಂಸ್ಥೆ, ನೋಂದಣಿ, ಹಕ್ಕು ಎಂದು ಓಡಾಡುವ ಹೊತ್ತಿಗೆ ರಿಯಾಜ್ ಮಾಡಬಹುದು. ನನ್ನಂಥವನಿಗೆ ಸಿಡಿ ಕೊಂಡರೂ ಹಾಕಲು ಯಂತ್ರವಿಲ್ಲ.

ಉತ್ತರ: ವಕೀಲ, ಯಾದಗಿರಿ

ಹಕ್ಕಿನ ಬಗ್ಗೆ ಮಾತ್ರ ಹೇಳುತ್ತೇನೆ, ಅಕ್ಕ. ನಾನು ತತ್ವಪದದ ಭಜನಾ ಮೇಳಗಳ ಕಾಗದಪತ್ರ ನೋಡಿಕೊಡುವವನು. ಹೆಚ್ಚಿನವರು ಹಾಡಿದ ಮೇಲೆ ಕೇಳಲು ಬರುತ್ತಾರೆ. ನೀವು ಮೊದಲೇ ಕೇಳಿದ್ದೀರಿ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಮುದ್ರಣದ ಒಡೆತನ ಮೊದಲಿಗೆ ಅದರ ನಿರ್ಮಾಪಕರದು. ಎಂದರೆ ಮುದ್ರಿಸಲು ಮುಂದಾಗಿ ಹೊಣೆ ಹೊತ್ತವರದು. ಹಾಡಿದವರು ತಾವಾಗಿಯೇ ಅದರ ಒಡೆಯರಾಗುವುದಿಲ್ಲ. ಅಪ್ಪನವರ ಕ್ಯಾಸೆಟ್ಟಿನ ಮುದ್ರಣ ಆ ಕಂಪನಿಯದು ಎಂದು ಅವರು ವಾದಿಸಬಹುದು. ಆದರೆ ಅಪ್ಪನವರು ಆ ವಚನಗಳಿಗೆ ತಾವೇ ಹಾಕಿದ ಧಾಟಿ ಅವರದು. ಸಂಬಳದ ನೌಕರರಾಗಿ ಹಾಕಿಕೊಟ್ಟಿದ್ದಲ್ಲ, ಲಿಖಿತವಾಗಿ ಬರೆದುಕೊಟ್ಟೂ ಇಲ್ಲ. ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಲೇಬೇಕು. ಆದ್ದರಿಂದ ಅವೇ ವಚನಗಳನ್ನು ಅದೇ ಧಾಟಿಯಲ್ಲಿ ಹೊಸದಾಗಿ ಹಾಡಿ ನಿಮ್ಮ ಸಂಸ್ಥೆಯಿಂದ ತರಲು ಯಾರೂ ತಡೆಯಲಾರರು.

ಪ್ರಕಟವಾದ ಮುದ್ರಣಕ್ಕೆ ಮರುವರ್ಷದ ಆರಂಭದಿಂದ 60 ವರ್ಷ ರಕ್ಷಣೆ. 1960ರಲ್ಲಿ ಹೊರಬಂದ ತಟ್ಟೆಗೆ 2020ರ ಕೊನೆಯವರೆಗೆ ಇತ್ತು, ಹಾಗೆ ಲೆಕ್ಕ ಹಾಕಿ. ಕವಿತೆಯಾದರೆ ಕವಿಯ ಜೀವಿತಾವಧಿ ಮತ್ತು ಆಮೇಲೆ 60 ವರ್ಷ. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು, ಅವರ ಪದ ಹಾಡಿ ಪ್ರಕಟಿಸುವುದಾದರೆ 2041ರ ಕೊನೆಯವರೆಗೆ ಅನುಮತಿ ಬೇಕು. ಬಸವಣ್ಣನವರ ವಚನಕ್ಕೆ, ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೆ ಯಾರ ಅಪ್ಪಣೆಯೂ ಬೇಡ.

ಟ್ರಂಕಿನಲ್ಲಿ ಎರಡು ರಾಶಿ ಮಾಡಿ. ರೇಡಿಯೋದಿಂದ ತುಂಬಿಸಿಕೊಂಡದ್ದನ್ನು ಮನೆಯಲ್ಲಿ ಕೇಳಿ, ಪ್ರಕಟಿಸಬೇಕಾದರೆ ಆಕಾಶವಾಣಿಯ ಲಿಖಿತ ಅನುಮತಿ ಪಡೆಯಿರಿ. ಮನೆಯ ಬೈಠಕ್ಕನ್ನು ಮುತ್ಯಾನವರೇ ಮುದ್ರಿಸಿದ್ದರೆ ಆ ಹಕ್ಕು ಅವರ ವಾರಸುದಾರರೆಲ್ಲರಿಗೂ ಬರುತ್ತದೆ. ನಿಮ್ಮ ಅಪ್ಪ, ಕಾಕಾ ಮಾತ್ರವಲ್ಲ, ಮದುವೆಯಾಗಿ ಹೋದ ಅತ್ತೆಯಂದಿರೂ ಸೇರಿ. ಅವರ ಸಹಿ ಮೊದಲೇ ತೆಗೆದುಕೊಳ್ಳಿ. ಹಣ ಬರುವ ಮುನ್ನ ಸಹಿ ಪ್ರೀತಿಯಿಂದ ಸಿಗುತ್ತದೆ.

ಸಾಥ್ ಕೊಟ್ಟ ಪಕ್ಕವಾದ್ಯದವರಿಗೂ ಹಕ್ಕಿದೆ. ಪ್ರದರ್ಶಕರ ಹಕ್ಕು 50 ವರ್ಷ. 2012ರ ತಿದ್ದುಪಡಿಯಿಂದ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕೂ, ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕೂ ಬಂದಿವೆ. ಕಾಯ್ದೆಯಲ್ಲಿ ಪ್ರದರ್ಶಕರು ಎಂದರೆ ಮುಖ್ಯ ಗಾಯಕರೊಬ್ಬರೇ ಅಲ್ಲ. ಯಾವುದೇ ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ತಿಳಿಯುತ್ತದೆ. ಇಂಟರ್‌ನೆಟ್ಟಿಗೆ ಹಾಕುವವರು ಇವೆರಡನ್ನೂ ಸ್ಪಷ್ಟವಾಗಿ ಬರೆಯಲೇಬೇಕು.

ಸಂಸ್ಥೆಯನ್ನು ಪಾಲುದಾರಿಕೆಯಾಗಿ ಅಥವಾ 2008ರ ಕಾಯ್ದೆಯಡಿ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆಗಿ ಮಾಡಬಹುದು. ಮನೆಯವರು ನಾಲ್ವರಿರುವಾಗ ಒಬ್ಬರ ಹೆಸರಿನಲ್ಲಿ ಮಾತ್ರ ಇಡುವುದು ನನಗೆ ಒಪ್ಪಿಗೆಯಿಲ್ಲ.

ಉತ್ತರ: ನಿವೃತ್ತ ಧ್ವನಿಮುದ್ರಕ, ಕಲಬುರಗಿ

ವಕೀಲರಿಗೆ ಕೈ ಮುಗಿದೆ. ಸಾಥಿದಾರರ ಹೆಸರಿನ ಮಾತು ಎತ್ತಿದಿರಿ, ಅದು ನನ್ನ ಎದೆಯ ಮಾತು.

ಸೇಡಂನ ತಮ್ಮನವರೇ, ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆ. ಎಲ್ಲರಿಗೂ ಕೇಳಿಸಲಿ ಎಂಬ ನಿಮ್ಮ ಆಸೆ ನನ್ನದೂ ಹೌದು. ಆದರೆ ಉಚಿತವಾಗಿ ಸುರಿದ ಹಾಡುಗಳ ಕೆಳಗೆ ಒಮ್ಮೆ ಕಣ್ಣಾಡಿಸಿ. ಹಾಡಿದವರ ಹೆಸರಿದೆ. ತಬಲಾ ಯಾರದು? ತಂಬೂರಿ ಹಿಡಿದು ಎರಡು ಗಂಟೆ ಅಲುಗಾಡದೆ ಕುಳಿತ ಶಿಷ್ಯೆ ಯಾರು? ಯಾವ ಊರು, ಯಾವ ವರ್ಷ? ಬಂದಿಷ್, ಅಂದರೆ ಹಾಡಿದ ರಚನೆ, ಯಾರಿಂದ ಬಂದದ್ದು? ನಮ್ಮ ಭಾಗದಲ್ಲಿ ಎಂಥೆಂಥ ತಬಲಾದವರು ಇದ್ದರು! ಬೀದರಿನಿಂದ ರಾಯಚೂರಿನವರೆಗೆ ಯಾವ ದೊಡ್ಡ ಗಾಯಕರು ಬಂದರೂ ಬಸ್ಸು ಹಿಡಿದು ಹೋಗಿ, ತಾಲೀಮು ಇಲ್ಲದೆಯೇ ಸಂಭಾಳಿಸಿ, ಬೆಳಗಿನ ಬಸ್ಸಿಗೆ ಮರಳಿ ಬಂದು ಶಾಲೆಯ ಪಾಠ ಮಾಡಿದವರು. ಅವರ ಠೇಕಾ ಟೇಪಿನಲ್ಲಿದೆ, ಹೆಸರು ಎಲ್ಲಿಯೂ ಇಲ್ಲ. ನಾನು ಮುದ್ರಿಸಿದ ಪ್ರತಿ ಸ್ಪೂಲಿನ ಡಬ್ಬಿಯ ಮೇಲೂ ಎಲ್ಲರ ಹೆಸರು ಬರೆಯುತ್ತಿದ್ದೆ. ಡಬ್ಬಿ ಬದಲಾದಾಗ ಹೆಸರು ಹೋಯಿತು. ಈ ನೋವು ನನಗಿನ್ನೂ ಇದೆ.

ಮುದ್ರಣ ಸಂಸ್ಥೆ ಎಂದರೆ ನನ್ನ ಮಟ್ಟಿಗೆ ಮುಖ್ಯವಾಗಿ ಆ ಹೆಸರಿನ ಪಟ್ಟಿ. ಪ್ರತಿ ಪ್ರಕಟಣೆಗೆ ಒಂದು ಸಂಖ್ಯೆ. ರಾಗ, ತಾಳ, ದಿನಾಂಕ, ಜಾಗ, ಪ್ರತಿಯೊಬ್ಬರ ಹೆಸರು. ಪ್ರತಿ ಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ, ಅಂಕಿಗಳ ಗುರುತು ಇರುತ್ತದೆ. ಅದನ್ನು ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಪಡೆದುಕೊಳ್ಳಿ. ಹಾಡು ಜಗತ್ತಿನ ಯಾವ ಮೂಲೆಯಲ್ಲಿ ಓಡಿದರೂ ಗುರುತು ಅದರ ಜೊತೆ ಓಡುತ್ತದೆ. ಇಷ್ಟನ್ನು ಮಾಡಿ ಆಮೇಲೆ ಬೇಕಾದರೆ ಉಚಿತವಾಗಿ ಕೊಡಿ, ನನಗೆ ತಕರಾರಿಲ್ಲ. ಆಗ ಕೊಟ್ಟವರು ಯಾರೆಂದು ಕೇಳುವವರಿಗೆ ತಿಳಿದಿರುತ್ತದೆ.

ಉತ್ತರ: ಹುಮನಾಬಾದ್ ಅಂಗಡಿಯವ, ಬೀದರ್ ಜಿಲ್ಲೆ

ಹಣದ ಮಾತು ಯಾರೂ ಆಡಲಿಲ್ಲ, ನಾನು ಆಡುತ್ತೇನೆ. ನಾನು ಕ್ಯಾಸೆಟ್, ಆಮೇಲೆ ಸಿಡಿ ಮಾರಿದವನು. ಈಗ ಮೊಬೈಲ್ ರಿಪೇರಿ.

ಸ್ಟ್ರೀಮಿಂಗನ್ನು ನೆಚ್ಚಿಕೊಂಡು ಲೆಕ್ಕ ಹಾಕಬೇಡಿ, ಅಕ್ಕ. ಸ್ಪಾಟಿಫೈಯಲ್ಲಿ 30 ಸೆಕೆಂಡು ಕೇಳಿದರೆ ಒಂದು ಸಲ ಎಂದು ಎಣಿಕೆ. ಮೂರು ನಿಮಿಷದ ಸಿನಿಮಾ ಹಾಡಿಗೂ ಒಂದು, ನಿಮ್ಮ ಐವತ್ತು ನಿಮಿಷದ ವಿಳಂಬಿತಕ್ಕೂ ಒಂದೇ. 2024ರಿಂದ ಹಿಂದಿನ 12 ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಮುದ್ರಣಕ್ಕೆ ಅವರು ಹಣವನ್ನೇ ಕೊಡುವುದಿಲ್ಲ. ಅಲ್ಲಿ ಇರಬೇಕು, ಹುಡುಕಿದವರಿಗೆ ಸಿಗಲಿ ಎಂದು. ವಿದೇಶದ ಕೇಳುಗರು ಕೊಳ್ಳಲು ಬ್ಯಾಂಡ್‌ಕ್ಯಾಂಪ್ ಇದೆ, ಡಿಜಿಟಲ್ ಮಾರಾಟದಲ್ಲಿ 15 ಪ್ರತಿಶತ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತದೆ. ಹಣ ಪಾವತಿಯವರ ಶುಲ್ಕ ಬೇರೆ.

ನಿಜವಾಗಿ ಮಾರಾಟವಾಗುವುದು ಕಛೇರಿ ಮುಗಿದ ಮೇಲೆ, ಬಾಗಿಲ ಬಳಿ. ನಮ್ಮ ಪಕ್ಕದ ಮಾಣಿಕನಗರದಲ್ಲಿ ದತ್ತ ಜಯಂತಿಗೆ ಸಂಗೀತ ದರ್ಬಾರು ನಡೆಯುತ್ತದೆ. ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿಯಲ್ಲಿ ಪದ ಕಟ್ಟಿದವರು, ಆ ಮನೆತನದಲ್ಲಿ ಹಾಡು ಇಂದಿಗೂ ಪೂಜೆಯೇ. ಅಲ್ಲಿಗೆ ಮಹಾರಾಷ್ಟ್ರ, ತೆಲಂಗಾಣದಿಂದ ಬಂದವರು ರಾತ್ರಿಯಿಡೀ ಕುಳಿತು ಕೇಳುವುದನ್ನು ನೋಡುತ್ತಲೇ ಬೆಳೆದವನು ನಾನು. ಅಂಥ ಕೇಳುಗರು ಮನೆಗೆ ಏನಾದರೂ ಒಯ್ಯಲು ಬಯಸುತ್ತಾರೆ. ಅವರ ಕೈಗೆ ಸಿಡಿ ಕೊಟ್ಟರೆ ಸೇಡಂನವರು ಹೇಳಿದಂತೆ ಹಾಕಲು ಯಂತ್ರವಿಲ್ಲ. ಆದ್ದರಿಂದ ಪುಸ್ತಕ ಮಾಡಿ. ವಚನಗಳ ಪಠ್ಯ, ರಾಗದ ಬಗ್ಗೆ ಅಪ್ಪನವರ ಮಾತು, ಮುತ್ಯಾನವರ ಒಂದು ಫೋಟೋ, ಕೊನೆಯ ಪುಟದಲ್ಲಿ ಕ್ಯೂಆರ್ ಸಂಕೇತ. ಸ್ಕ್ಯಾನ್ ಮಾಡಿದರೆ ಪೂರ್ತಿ ಮುದ್ರಣ ಇಳಿಯಬೇಕು. ಹಿರಿಯರು ಹೇಳಿದ ಆಲಿಯಾ ವೋಕ್ಸಿನವರೂ ದಪ್ಪ ಪುಸ್ತಕದೊಳಗೆ ಸಿಡಿಗಳನ್ನಿಟ್ಟು ಹಲವು ಭಾಷೆಗಳಲ್ಲಿ ಬರೆಸಿ ಮಾರುತ್ತಾರೆ. ಒಂದು ಹೈದರಾಬಾದಿನಿಂದ ನನ್ನ ಕೈಗೂ ಬಂದಿತ್ತು. ತೂಕವೇ ಅರ್ಧ ಕಿಲೋ ಇರಬೇಕು. ಮೊದಲು ಕಡಿಮೆ ಪ್ರತಿ ಹಾಕಿಸಿ, ಮುಗಿದರೆ ಮತ್ತೆ ಹಾಕಿಸಿ. ನಾನು ಅಂಗಡಿಯಲ್ಲಿ ಇಟ್ಟು ಮಾರಿಕೊಡುತ್ತೇನೆ, ಕಮಿಷನ್ ಬೇಡ.

ಕೇಳಿದವರು: ಬ್ರಹ್ಮಪುರದ ಗಾಯಕಿ

ನಿಮ್ಮೆಲ್ಲರ ಉತ್ತರಗಳನ್ನು ರಾತ್ರಿ ಊಟವಾದ ಮೇಲೆ ಅಪ್ಪನಿಗೂ ಕಾಕಾನಿಗೂ ಗಟ್ಟಿಯಾಗಿ ಓದಿದೆ. ಹಾರ್ಮೋನಿಯಂ ಇದೆ, ಹಿರಿಯರೇ. ಅಪ್ಪ ಅದನ್ನೇ ಈಗಲೂ ನುಡಿಸುತ್ತಾರೆ.

ಹಳೆಯ ವಚನಗಳನ್ನು ಮತ್ತೆ ಹಾಡಬಹುದು ಎಂದು ಕೇಳಿ ಅಪ್ಪ ಹಿಗ್ಗಿದರು. ಕಾಕಾ ಮಾತ್ರ ಒಪ್ಪುತ್ತಿಲ್ಲ. ‘ಅಪ್ಪನವರನ್ನು ಬಿಟ್ಟು ನಾವು ಮುಂದೆ ಬರುವುದೇ? ಅವರ ಮಾಲಕಂಸ ಮೊದಲು, ನಮ್ಮದು ಆಮೇಲೆ’ ಎನ್ನುತ್ತಾರೆ. ಆ ಮಾಲಕಂಸದಲ್ಲಿ ತಬಲಾ ಕಾಕಾನದೇ, ಆಗ ಅವರಿಗೆ ಮೀಸೆಯೂ ಮೂಡಿರಲಿಲ್ಲವಂತೆ. ಅತ್ತೆಯಂದಿರಿಬ್ಬರೂ ಫೋನಿನಲ್ಲಿಯೇ ಒಪ್ಪಿದ್ದಾರೆ, ಕಾಗದ ಕಳಿಸು ಎಂದಿದ್ದಾರೆ. ಕಾಕಾನಿಗೆ ಏನು ಹೇಳಲಿ? ಇನ್ನೊಂದು: ಆ ಟೇಪಿನಲ್ಲಿ ಜನ ಕೆಮ್ಮುವುದು, ‘ವಾಹ್ ವಾಹ್’ ಎನ್ನುವುದು, ಹಿಂದೆ ಯಾವುದೋ ಮಗು ಅಳುವುದು ಎಲ್ಲ ಇದೆಯೆಂದು ಕಾಕಾ ನೆನಪಿಸಿಕೊಳ್ಳುತ್ತಾರೆ. ಅದನ್ನು ತೆಗೆಯಬಹುದೇ?

ಉತ್ತರ: ನಿವೃತ್ತ ಧ್ವನಿಮುದ್ರಕ, ಕಲಬುರಗಿ

ಕಾಕಾನವರ ಗುರುಭಕ್ತಿಗೆ ನನ್ನ ನಮಸ್ಕಾರ ತಿಳಿಸಿ. ಆದರೂ ನನ್ನ ಮಾತು ಬದಲಾಗುವುದಿಲ್ಲ, ಕಾರಣ ಹೇಳುತ್ತೇನೆ. ಮುತ್ಯಾನವರ ಟೇಪು ಡಿಜಿಟಲ್ ಆದ ಮೇಲೆ ಹಾಗೆಯೇ ಇರುತ್ತದೆ. ಮುಂದಿನ ವರ್ಷವೂ ಅದೇ ದನಿ, ಹತ್ತು ವರ್ಷಕ್ಕೂ ಅದೇ ದನಿ. ಅಪ್ಪನವರ ಕಂಠವೂ ಕಾಕಾನವರ ಬೆರಳೂ ಹಾಗಲ್ಲ. ಈ ಚಳಿಗಾಲದ ‘ಧಿರಧಿರ’ ಮುಂದಿನ ಚಳಿಗಾಲಕ್ಕೆ ಇಷ್ಟೇ ಸ್ವಚ್ಛವಾಗಿ ಬರುತ್ತದೆಂದು ಯಾವ ತಬಲಾದವರೂ ಮಾತು ಕೊಡಲಾರರು. ತಂದೆ ಕಲಿಸಿದ್ದು ಮಗನ ಕೈಯಲ್ಲಿ ಇಂದು ಹೇಗಿದೆ ಎಂದು ಮುದ್ರಿಸಿಡುವುದೂ ತಂದೆಯ ಕೆಲಸವೇ. ಕಾಕಾನವರು ಇದನ್ನೂ ಒಪ್ಪದಿದ್ದರೆ ಒಂದು ದಾರಿ ಇದೆ: ಮೊದಲ ಪ್ರಕಟಣೆಯಲ್ಲಿ ಅಪ್ಪನವರು ಅದೇ ಮಾಲಕಂಸದ ಬಂದಿಷನ್ನು ಹಾಡಲಿ, ಕಾಕಾ ನುಡಿಸಲಿ, ನೀವು ಹಿಂದೆ ದನಿಗೂಡಿಸಿ. ಎರಡನೆಯದಾಗಿ ಮುತ್ಯಾನವರ ಟೇಪು ಬರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳುವ ಭಾಗ್ಯ ನಮಗಿರಲಿ.

ಕೆಮ್ಮನ್ನೂ ಮಗುವನ್ನೂ ಮುಟ್ಟಬೇಡಿ. ಟೇಪಿನ ಸುಂಯ್ ಎಂಬ ಸದ್ದನ್ನು ಕಿತ್ತುಹಾಕುವ ತಂತ್ರಾಂಶಗಳು ಸಿಗುತ್ತವೆ. ಅವು ತಂಬೂರಿಯ ಮೇಲಿನ ಅನುರಣನವನ್ನೂ, ಸ್ವರ ಬಿಟ್ಟ ಮೇಲಿನ ಉಸಿರನ್ನೂ ಜೊತೆಗೇ ಎಳೆದುಕೊಂಡು ಹೋಗುತ್ತವೆ. ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ತೀರಾ ಕಾಡಿದರೆ ಅಷ್ಟನ್ನು ಮಾತ್ರ ತಗ್ಗಿಸಿ. ‘ವಾಹ್’ ಬಂದ ಜಾಗವಂತೂ ಚಿನ್ನ. ಯಾವ ತಿರುವಿಗೆ ನಮ್ಮ ಊರಿನ ಕೇಳುಗರು ತಲೆದೂಗಿದರು ಎಂಬುದಕ್ಕೆ ಬೇರೆ ದಾಖಲೆ ಎಲ್ಲಿದೆ?

ಒಂದು ಕೆಲಸವನ್ನು ಈ ವಾರವೇ ಮಾಡಿ. ಕಾಕಾನವರ ಎದುರು ಕುಳಿತು ಮೊಬೈಲಿನಲ್ಲಿ ಅವರ ಮಾತು ಮುದ್ರಿಸಿಕೊಳ್ಳಿ. ಒಂದೊಂದೇ ಟೇಪಿನ ಚೀಟಿ ತೋರಿಸಿ ಕೇಳಿ: ಯಾವ ಬೈಠಕ್ಕು, ಹಾರ್ಮೋನಿಯಂ ಯಾರದು, ತಂಬೂರಿಗೆ ಯಾರಿದ್ದರು, ಮುಂದೆ ಯಾರು ಕುಳಿತಿದ್ದರು. ಹೆಸರಿಲ್ಲದ ಟೇಪುಗಳಿಗೆ ಹೆಸರು ಕೊಡಬಲ್ಲವರು ಅವರೊಬ್ಬರೇ ಇರಬಹುದು.

ಡೆಕ್ಕಿಗಾಗಿ ಬೆಂಗಳೂರಿಗೆ ಓಡಬೇಡಿ. ನನ್ನ ಬಳಿ ಸುಸ್ಥಿತಿಯಲ್ಲಿರುವ ಸ್ಪೂಲ್ ಯಂತ್ರವೂ ಕ್ಯಾಸೆಟ್ ಡೆಕ್ಕೂ ಇವೆ, ಬೆಲ್ಟುಗಳನ್ನು ಈಚೆಗಷ್ಟೇ ಬದಲಾಯಿಸಿದ್ದೇನೆ. ತಮ್ಮ ದೀಪಾವಳಿಗೆ ಬರುವಾಗ ಎರಡು ಹಾರ್ಡ್ ಡಿಸ್ಕ್ ಮತ್ತು ಡೆಕ್ಕಿನ ಧ್ವನಿಯನ್ನು ಕಂಪ್ಯೂಟರಿಗೆ ಸೇರಿಸುವ ಒಂದು ಒಳ್ಳೆಯ ಆಡಿಯೋ ಇಂಟರ್‌ಫೇಸ್ ತರಲಿ. ಯಂತ್ರಗಳನ್ನು ಆಟೋದಲ್ಲಿ ನಾನೇ ತರುತ್ತೇನೆ, ಅವನ್ನು ಬೇರೆಯವರ ಕೈಗೆ ಕೊಡುವುದಿಲ್ಲ. ಮೂರನೆಯ ಮಾಳಿಗೆ ಮಾತ್ರ ಹತ್ತಿಸಬೇಡಿ, ಸ್ಪೂಲ್ ಯಂತ್ರ ಬಹಳ ಭಾರ.